ನಮ್ಮ ಜಗಲಿಯಲ್ಲಿ ಓದಿದ ಮಾರ್ಕ್ಸ್ ಕಾರ್ಡು

ನಮ್ಮ ಮನೆಯ ಜಗಲಿ ಕಂಬಗಳಿಗೆ ವರ್ಷಕ್ಕೊಮ್ಮೆ ಸುಣ್ಣ ಬಳಿಯುತ್ತಿದ್ದವಳು ಅವ್ವ, ಅದನ್ನು ವರ್ಷವಿಡೀ ಹಾಳು ಮಾಡುತ್ತಿದ್ದದ್ದು ಊರಿನವರ ಹೆಬ್ಬೆರಳು. ಅಪ್ಪ ಹಾಲಿನ ಡೈರಿಯ ಕಾರ್ಯದರ್ಶಿಯಾಗಿದ್ದರಿಂದ ತಗಡಿನ ಡಬ್ಬಿಯ ಇಂಕ್ ಪ್ಯಾಡ್ ಒಂದು ನಮ್ಮ ಮನೆಯಲ್ಲಿರುತ್ತಿತ್ತು. ಊರಿಗೆಲ್ಲ ಅದೊಂದೇ. ಅರ್ಜಿಗೋ ಮತ್ತೊಂದಕ್ಕೋ ಹೆಬ್ಬೆಟ್ಟು ಒತ್ತಬೇಕಾದವರೆಲ್ಲ ನಮ್ಮ ಜಗಲಿಗೆ ಬರುತ್ತಿದ್ದರು, ಒತ್ತಿದ ಮೇಲೆ ಬೆರಳನ್ನು ಹತ್ತಿರದ ಕಂಬಕ್ಕೆ ಒರೆಸಿ ಹೋಗುತ್ತಿದ್ದರು. ಬೆಳ್ಳಗಿನ ಕಂಬದ ಮೇಲೆ ನೇರಳೆ ಗೀಟುಗಳು ಒಂದರ ಮೇಲೊಂದು ಬಿದ್ದು, ಯುಗಾದಿಯ ಹೊತ್ತಿಗೆ ಕಂಬದ ಸೊಂಟದ ಮಟ್ಟವೆಲ್ಲ ಕಪ್ಪಾಗಿರುತ್ತಿತ್ತು. ಈ ವಿಷಯದಲ್ಲಿ ಅವ್ವನಿಗೂ ಅಜ್ಜಿಗೂ ಆಗುತ್ತಿದ್ದ ಜಗಳವನ್ನು ನಾನು ಬಾಯಿಪಾಠ ಒಪ್ಪಿಸಬಲ್ಲೆ.

"ಸುಣ್ಣ ಬಳ್ದು ಬಳ್ದು ನನ್ ಕೈಯೆಲ್ಲಾ ಬೊಬ್ಬೆ. ಇವ್ರಿಗೆ ಒರ್ಸಕ್ಕೆ ಬ್ಯಾರೆ ಜಾಗ ಇಲ್ವಾ?"

"ಕಂಬ ಇರೋದ್ಯಾಕೆ? ಮನೆಗೆ ಬಂದೋರ ಬೆರಳು ಕತ್ತರ್ಸಕ್ಕಾಯ್ತದಾ? ಬುಡು."

ಕೊನೆಗೆ ಅಜ್ಜಿಯೇ ರಾಜಿ ಮಾಡಿಸಿದಳು. ತೆಂಗಿನ ಮಟ್ಟೆಯ ನಾರನ್ನು ಉಂಡೆ ಮಾಡಿ ಕಂಬದ ಮೊಳೆಗೆ ಕಟ್ಟಿ, ಬಂದವರಿಗೆಲ್ಲ ಅದರಲ್ಲೇ ಒರೆಸಿಕೊಳ್ಳಿ ಎಂದು ಹೇಳತೊಡಗಿದಳು. ಅರ್ಧ ಜನ ನಾರಿಗೆ ಒರೆಸಿದರು, ಇನ್ನರ್ಧ ಜನ ನಾರಿನ ಪಕ್ಕದ ಕಂಬಕ್ಕೆ ಒರೆಸಿದರು. ಅವ್ವ ಆಮೇಲೆ ಸುಮ್ಮನಾದಳು.

ವರ್ಷಕ್ಕೆ ಎರಡು ಸಲ ಆ ಜಗಲಿಯ ಮೇಲೆ ಬೇರೆಯದೇ ಕೆಲಸ ನಡೆಯುತ್ತಿತ್ತು. ದಸರಾ ರಜ ಮುಗಿದು ಶಾಲೆ ತೆರೆದ ವಾರ ಅರ್ಧವಾರ್ಷಿಕ ಪರೀಕ್ಷೆಯ ಮಾರ್ಕ್ಸ್ ಕಾರ್ಡು ಕೊಡುತ್ತಿದ್ದರು, ಬೇಸಿಗೆಯಲ್ಲಿ ವಾರ್ಷಿಕ ಪರೀಕ್ಷೆಯದು. ನಮ್ಮೂರಿನದು ಐದರಿಂದ ಏಳನೇ ತರಗತಿವರೆಗಿನ ಸರ್ಕಾರಿ ಮಿಡ್ಲ್ ಸ್ಕೂಲು. ಕಾರ್ಡು ಎಂದರೆ ನಡುವೆ ಮಡಿಸಿದ ಹಳದಿ ದಪ್ಪ ಕಾಗದ. ಒಳಗೆ ವಿಷಯಗಳ ಹೆಸರು, ಅದರ ಮುಂದೆ "ಗರಿಷ್ಠ ಅಂಕ" ಎಂದೊಂದು ಸಾಲು, "ಪಡೆದ ಅಂಕ" ಎಂದೊಂದು ಸಾಲು. ಕೊನೆಯಲ್ಲಿ "ಷರಾ" ಎಂಬ ಮನೆ. ಅದರಲ್ಲಿ ಮೇಷ್ಟ್ರು ಮಗುವಿನ ಬಗ್ಗೆ ಎರಡು ಮಾತು ಬರೆಯಬೇಕಿತ್ತು, ಒಬ್ಬರದರಲ್ಲೂ ಬರೆದದ್ದನ್ನು ನಾನು ಕಾಣೆ. ಅದರ ಕೆಳಗೆ ಪೋಷಕರ ಸಹಿ. ಮೂರು ದಿನದೊಳಗೆ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿ ವಾಪಸು ತರದಿದ್ದರೆ ಹೆಡ್‌ಮೇಷ್ಟ್ರು ತರಗತಿಯ ಹೊರಗೆ ನಿಲ್ಲಿಸುತ್ತಿದ್ದರು. ಶಾಲೆಗೂ ಮನೆಗೂ ನಡುವೆ ಇದ್ದ ಮಾತುಕತೆ ಅಷ್ಟೇ. ತಂದೆ ತಾಯಿ ಯಾರೂ ಶಾಲೆಯ ಮೆಟ್ಟಿಲು ಹತ್ತುತ್ತಿರಲಿಲ್ಲ, ಮೇಷ್ಟ್ರುಗಳು ಯಾರ ಮನೆಗೂ ಬರುತ್ತಿರಲಿಲ್ಲ. ಕಾರ್ಡು ಹೋಗುತ್ತಿತ್ತು, ಬರುತ್ತಿತ್ತು.

ಆದರೆ ಓದು ಬಾರದವರಿಗೆ ಆ ಕಾರ್ಡಿನಲ್ಲಿ ಏನಿದೆ ಎಂದು ಹೇಳುವವರು ಯಾರು? ಮಕ್ಕಳೇ ಓದಿ ಹೇಳಬಹುದಿತ್ತು. ಆದರೆ ತನ್ನ ಕಾರ್ಡನ್ನು ತಾನೇ ಓದುವ ಮಗುವಿನ ಮಾತನ್ನು ನಮ್ಮೂರಿನಲ್ಲಿ ಯಾರೂ ನಂಬುತ್ತಿರಲಿಲ್ಲ. ಹಿಂದೊಮ್ಮೆ ಒಬ್ಬ ಹುಡುಗ ಹದಿನಾಲ್ಕನ್ನು ನಲವತ್ತೊಂದು ಎಂದು ಓದಿ ಅಪ್ಪನಿಂದ ಹೊಸ ಚಡ್ಡಿ ಹೊಲಿಸಿಕೊಂಡಿದ್ದನಂತೆ. ಅವತ್ತಿನಿಂದ ಎಲ್ಲರ ಕಾರ್ಡೂ ನಮ್ಮ ಜಗಲಿಗೆ ಬರುವ ಪದ್ಧತಿಯಾಯಿತು. ಹೇಗೂ ಹೆಬ್ಬೆಟ್ಟಿಗೆ ಅಲ್ಲಿಗೇ ಬರಬೇಕು, ಓದಿಸಿಕೊಂಡೇ ಒತ್ತಿದರಾಯಿತು. ಕಾರ್ಡಿನ ಮಗು ಮಾತ್ರ ಓದುವಾಗ ಜಗಲಿ ಹತ್ತುವಂತಿಲ್ಲ. ಎದುರಿನ ಹುಣಸೆ ಮರದ ಕೆಳಗೆ ನಿಂತು ತನ್ನ ತೀರ್ಪಿಗೆ ಕಾಯಬೇಕು. ಮೊದಲು ಅಪ್ಪನೇ ಓದುತ್ತಿದ್ದ. ನಾನು ಐದನೇ ತರಗತಿಗೆ ಬಂದ ವರ್ಷ ಡೈರಿಯ ಕೆಲಸ ಹೆಚ್ಚಾಗಿ, ಆ ಹೊರೆಯನ್ನು ನನಗೆ ದಾಟಿಸಿಬಿಟ್ಟ.

"ನೀನೇ ಓದೇ ಗಂಗಾ. ಅಕ್ಷರ ನೋಡ್ಕಂಡು ಓದು, ನಿನ್ ಕಡೆಯಿಂದ ಏನೂ ಸೇರಿಸ್ಬ್ಯಾಡ."

ನನಗೆ ಅದು ಹೊರೆಯೆನಿಸಲಿಲ್ಲ. ಹತ್ತು ವರ್ಷದ ಹುಡುಗಿಯ ಮುಂದೆ ಮೀಸೆಯ ಗಂಡಸರು ತಲೆ ತಗ್ಗಿಸಿ ಕೂರುವುದೆಂದರೆ ಸಾಮಾನ್ಯವೇ? ಅಜ್ಜಿ ನನಗೊಂದು ಮಣೆ ಹಾಕಿಕೊಡುತ್ತಿದ್ದಳು. ಕಾರ್ಡನ್ನು ಮೊದಲು ದೇವರ ಗೂಡಿನಲ್ಲಿಟ್ಟು, ಅದರ ಮೂಲೆಗೆ ಚಿಟಿಕೆ ವಿಭೂತಿ ಹಚ್ಚಿ, ಆಮೇಲೆ ನನ್ನ ಕೈಗೆ ಕೊಡುತ್ತಿದ್ದಳು. ನಾನು ಗಂಟಲು ಸರಿ ಮಾಡಿಕೊಂಡು ಕನ್ನಡ ಅರವತ್ತೆರಡು, ಗಣಿತ ಮೂವತ್ತೇಳು ಎಂದು ರಾಗವಾಗಿ ಓದುತ್ತಿದ್ದೆ. ಆ ಸಂಖ್ಯೆಗಳಿಗೆ ಅರ್ಥ ಹೇಳುತ್ತಿದ್ದವಳು ಮಾತ್ರ ಅಜ್ಜಿ. ಅವಳಿಗೆ ಒಂದಕ್ಷರ ಬರುತ್ತಿರಲಿಲ್ಲ, ಆದರೆ ನೂರರ ಲೆಕ್ಕ ರಕ್ತದಲ್ಲೇ ಇತ್ತು.

ಅದಕ್ಕೆ ಕಾರಣ ನಮ್ಮ ಅಟ್ಟ. ನಡುಮನೆಯ ಮೇಲೂ ಹಿಂದಿನ ಕೊಟ್ಟಿಗೆಯ ಮೇಲೂ ಅಡ್ಡಕ್ಕೆ ಬಿದಿರು ಹಾಸಿ ತೆಂಗಿನಕಾಯಿ ತುಂಬಿರುತ್ತಿದ್ದೆವು. ಕಾಯಿ ಅಲ್ಲಿ ಹತ್ತು ಹನ್ನೆರಡು ತಿಂಗಳು ಕೂತು, ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಇಡೀ ಉಂಡೆ ಕೊಬ್ಬರಿಯಾಗುತ್ತದೆ. ಊಟಕ್ಕೆ ಕೂತಾಗ ತಲೆಯ ಮೇಲೆ ಇಲಿ ಓಡಿದರೆ ಕಾಯಿಗಳು ಲೊಟಲೊಟ ಎನ್ನುತ್ತಿದ್ದವು, ಅಜ್ಜಿ ಮುದ್ದೆ ಮುರಿಯುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದಳು. ಅಟ್ಟದಿಂದ ಇಳಿಸಿದ ದಿನ ಒಂದೊಂದು ಕಾಯಿಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಕೈಗೆರಡರಂತೆ ಎಣಿಸಿ, ನೂರು ನೂರರ ರಾಶಿ ಹಾಕಿ, ನೂರಕ್ಕೆ ಎಷ್ಟು ಒಳ್ಳೆ ಕೊಬ್ಬರಿ, ಎಷ್ಟು ಕೊಳೆತದ್ದು ಎಂದು ನೋಡುತ್ತಿದ್ದಳು. ತೊಂಬತ್ತು ಬಂದರೆ ಅಂದು ಮನೆಯಲ್ಲಿ ಪಾಯಸ. ಎಂಬತ್ತಕ್ಕಿಂತ ಕೆಳಗಿಳಿದರೆ ಮೂರು ದಿನ ಮುಖ ಗಂಟು. ಈ ಲೆಕ್ಕವನ್ನೇ ಅವಳು ಜಗಲಿಗೂ ತಂದಳು.

"ಗಣಿತ ಮೂವತ್ತೇಳಾ? ಅಂದ್ರೆ ನೂರಕ್ಕೆ ಮೂವತ್ತೇಳು ಕೊಬ್ಬರಿ ಆಯ್ತು, ಮಿಕ್ಕಿದ್ದೆಲ್ಲಾ ಕೊಳ್ತೋಯ್ತು. ತಿಳೀತೇನಪ್ಪಾ?"

"ಪಾಸು ಅಂತವ್ನಲ್ಲಮ್ಮಾ ನಮ್ ಹುಡ್ಗ?"

"ಮೂವತ್ತೈದಕ್ಕೇ ಪಾಸ್ ಮಾಡ್ತಾರಂತೆ. ಅಂಥ ಕಾಯಿ ತಿಪಟೂರ್ ಮಂಡಿಗೆ ಮಾರಕ್ಕೆ ತಗಂಡೋಗು, ಒಳೀಕೆ ಬಿಟ್ಕಳಲ್ಲ."

ಈ ವಿವರಣೆ ಶಾಲೆಯ ಕಾರ್ಡಿಗಿಂತ ಸಾವಿರ ಪಾಲು ಚೆನ್ನಾಗಿ ಜನಕ್ಕೆ ತಿಳಿಯುತ್ತಿತ್ತು. ನಾನು ಆಮೇಲೆ ಮೂವತ್ತು ವರ್ಷಕ್ಕೂ ಮಿಕ್ಕಿ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಿದವಳು, ಹೆಡ್‌ಮಿಸ್ ಆಗಿ ತಿಪಟೂರಿನ ಹತ್ತಿರ ನಿವೃತ್ತಳಾದವಳು. ಅಂಕ ಹೋಗಿ ಗ್ರೇಡು ಬಂತು, ಕಾರ್ಡು ಕಂಪ್ಯೂಟರಿನಿಂದ ಹೊರಬರತೊಡಗಿತು, ಈಗ ಅದರ ಫೋಟೋ ಅಮ್ಮಂದಿರ ಮೊಬೈಲಿಗೇ ಹೋಗಿ ಬೀಳುತ್ತದೆ. ಪೋಷಕರ ಸಭೆ ಕರೆದರೆ ಬೆಂಚಿನ ತುದಿಯಲ್ಲಿ ಕೂತು, ಎಲ್ಲರೂ ಎದ್ದು ಹೋಗುವವರೆಗೂ ಕಾದು, ಬಿ ಪ್ಲಸ್ ಅಂದರೆ ಚೆನ್ನಾಗಿರೋದಾ ಮೇಡಂ ಎಂದು ಪಿಸುಗುಟ್ಟಿ ಕೇಳುವ ತಾಯಂದಿರು ಕೊನೆಯ ವರ್ಷದವರೆಗೂ ಇದ್ದರು. ಅವರನ್ನು ಕೂರಿಸಿಕೊಂಡು ವಿಷಯ ವಿಷಯವಾಗಿ ಬಿಡಿಸಿ ಹೇಳುತ್ತಿದ್ದೆ. ಒಂದು ಮಗುವಿಗೆ ಇಷ್ಟು ಹೊತ್ತೇ ಎಂದು ಜೊತೆಯ ಶಿಕ್ಷಕರು ನನ್ನ ಬೆನ್ನ ಹಿಂದೆ ನಗುತ್ತಿದ್ದರು. ಅವರಿಗೆ ನಮ್ಮ ಜಗಲಿಯ ವಿಷಯ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಈಗ ಹೇಳುತ್ತೇನೆ.

ನಮ್ಮ ಮನೆಯ ಕೊಟ್ಟಿಗೆಯಲ್ಲಿ ಚಿಪ್ಪು ಒಡೆದು ಕೊಬ್ಬರಿ ಬಿಡಿಸಲು ಕೆಂಚಕ್ಕ ಎಂಬವಳು ಬರುತ್ತಿದ್ದಳು. ಗಂಡ ತೀರಿಕೊಂಡಿದ್ದ. ಇದ್ದವಳು ಒಬ್ಬಳೇ ಮಗಳು, ಮಂಜುಳ. ಕೆಂಚಕ್ಕನ ಕೈ ಎಷ್ಟು ಹದವೆಂದರೆ ಮಚ್ಚಿನ ಹಿಂಬದಿಯಿಂದ ಚಿಪ್ಪಿನ ಸುತ್ತ ನಾಲ್ಕು ಏಟು ಹಾಕಿದರೆ ಕೊಬ್ಬರಿ ಗೀರು ಬೀಳದೆ ಅಂಗೈಗೆ ಬರುತ್ತಿತ್ತು. ಅಜ್ಜಿಯ ಮೆಚ್ಚುಗೆ ಸುಲಭಕ್ಕೆ ಸಿಗುವಂಥದ್ದಲ್ಲ, ಕೆಂಚಕ್ಕನಿಗೆ ಸಿಕ್ಕಿತ್ತು. ಮಂಜುಳ ನನ್ನ ತರಗತಿ, ನನ್ನ ಬೆಂಚು. ಬೆಳಿಗ್ಗೆ ಜೊತೆಯಲ್ಲೇ ಹೋಗುತ್ತಿದ್ದೆವು, ಸಾಯಂಕಾಲ ಜೊತೆಯಲ್ಲೇ ಬರುತ್ತಿದ್ದೆವು. ಒಂದೇ ತೊಂದರೆ ಎಂದರೆ ಅವಳು ನನಗಿಂತ ಬುದ್ಧಿವಂತೆ. ಗಣಿತದಲ್ಲಂತೂ ಮೇಷ್ಟ್ರು ಲೆಕ್ಕ ಹೇಳಿ ಮುಗಿಸುವಷ್ಟರಲ್ಲಿ ಅವಳ ಸ್ಲೇಟು ಮೇಲೆದ್ದಿರುತ್ತಿತ್ತು. ಆಗಿನ ಶಾಲೆಯಲ್ಲಿ ಒಂದು ಶಿಕ್ಷೆ ಇತ್ತು. ಸರಿಯುತ್ತರ ಹೇಳಿದವರು ತಪ್ಪು ಹೇಳಿದವರ ಮೂಗು ಹಿಡಿದು ಕೆನ್ನೆಗೆ ಹೊಡೆಯಬೇಕು. ಆರನೇ ತರಗತಿಯಲ್ಲಿ ಮಂಜುಳ ವಾರಕ್ಕೆ ಎರಡು ಮೂರು ಸಲ ನನ್ನ ಮೂಗು ಹಿಡಿಯಬೇಕಾಗಿ ಬಂತು. ಅವಳು ನೋವಾಗದ ಹಾಗೆ ಮೆಲ್ಲಗೆ ತಟ್ಟುತ್ತಿದ್ದಳು. ಜೋರಾಗಿ ಹೊಡೆದಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ಮೆಲ್ಲಗೆ ತಟ್ಟಿದ್ದನ್ನು ಕಂಡು ತರಗತಿಯೇ ನಗುತ್ತಿತ್ತು. ಡೈರಿ ಸೆಕ್ರೆಟರಿ ಮಗಳ ಮೂಗನ್ನು ಕೊಬ್ಬರಿ ಒಡೆಯುವವಳ ಮಗಳು ಹಿಡಿಯುವುದು ಅವರಿಗೊಂದು ತಮಾಷೆ. ನನಗೆ ಹೊಟ್ಟೆಯುರಿ. ಅದನ್ನು ಬೇರೆ ಮಾತಿನಲ್ಲಿ ಹೇಳಲಾರೆ.

ಆ ವರ್ಷ ದಸರಾ ರಜದಲ್ಲಿ ಒಂದು ದಿನ ಕೊಟ್ಟಿಗೆಯಲ್ಲಿ ಅಜ್ಜಿಯ ಪಕ್ಕ ಕೂತು ನಾರು ಬಿಡಿಸುತ್ತಿದ್ದೆ. ಕೆಂಚಕ್ಕ ಮಚ್ಚು ಕೆಳಗಿಡದೆಯೇ ಮಾತು ತೆಗೆದಳು. ಬೋರನಕಣಿವೆಯ ಹತ್ತಿರ ಅವಳ ತಂಗಿಯ ಮನೆ.

"ನನ್ ತಂಗಿ ಬಾಣಂತಿ ಕಣಮ್ಮಾರೇ. ಮಂಜೀನ ಕಳ್ಸಕ್ಕ, ಮಗ ಎತ್ಕಳಕ್ಕೆ ಒಂದಾಳಾಯ್ತದೆ ಅಂತ ಏಳ್ಕಳ್ಸವ್ಳೆ."

"ಓದೋ ಹುಡ್ಗೀನ ಯಾಕೆ ಬುಡುಸ್ತೀಯೇ?"

"ಓದೋ ತಲೆ ಇದ್ರೆ ನನ್ ಬೆನ್ ಮುರುದ್ರೂ ಓದುಸ್ತೀನಿ. ಇಲ್ದೋದ್ರೆ ಸುಮ್ಕೆ ಇಸ್ಕೂಲ್ಗೆ ಕಳ್ಸಿ ಏನ್ ಮಾಡ್ಲಿ? ಅಲ್ಲಿ ಒತ್ತೊತ್ತಿಗೆ ಇಟ್ಟಾದ್ರೂ ಸಿಕ್ತದೆ. ಕಾರ್ಡ್ ಬರ್ಲಿ, ನೋಡಾನ ಅಂದಿವ್ನಿ."

ಅಂದರೆ ಮಂಜುಳ ಶಾಲೆಯಲ್ಲಿ ಉಳಿಯುವುದೋ ಬಿಡುವುದೋ ಎಂಬುದು ಬರಲಿದ್ದ ಹಳದಿ ಕಾರ್ಡಿನ ಮೇಲೆ ನಿಂತಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ, ಚಿಕ್ಕವಳು ಎಂದು ತಪ್ಪಿಸಿಕೊಳ್ಳಲು ಈಗ ಬರುವುದಿಲ್ಲ.

ಶಾಲೆ ತೆರೆಯಿತು, ಕಾರ್ಡು ಕೊಟ್ಟರು. ಹಿಂದಿನ ವರ್ಷಗಳಲ್ಲೆಲ್ಲ ಪರೀಕ್ಷೆ ನೂರು ಅಂಕಕ್ಕೆ ನಡೆದಿತ್ತು. ಆ ಸಲ ಒಬ್ಬ ಮೇಷ್ಟ್ರು ವರ್ಗವಾಗಿ ಹೋಗಿ, ಉಳಿದವರು ಎರಡೆರಡು ತರಗತಿ ನೋಡಿಕೊಳ್ಳಬೇಕಾಗಿ ಬಂದು, ಹೆಡ್‌ಮೇಷ್ಟ್ರು ಅರ್ಧವಾರ್ಷಿಕ ಪರೀಕ್ಷೆಯನ್ನು ಐವತ್ತಕ್ಕೆ ಇಳಿಸಿದ್ದರು. ಮಕ್ಕಳಿಗೆ ಹೇಳಿದ್ದರು, ಮನೆಗಳಿಗೆ ಹೇಳಿ ಕಳಿಸಿರಲಿಲ್ಲ. ಹೇಳುವ ಅಗತ್ಯವೇನು, ಕಾರ್ಡಿನಲ್ಲಿ ಗರಿಷ್ಠ ಅಂಕ ಐವತ್ತು ಎಂದು ಬರೆದೇ ಇದೆಯಲ್ಲ! ಅವತ್ತು ಸಾಯಂಕಾಲ ಜಗಲಿ ತುಂಬಿತು. ಮೊದಲು ನನ್ನದೇ ಕಾರ್ಡನ್ನು ಅಪ್ಪನ ಮುಂದೆ ಓದಿದೆ. ಗಣಿತ ಐವತ್ತಕ್ಕೆ ಮೂವತ್ತೊಂದು. ಅಪ್ಪ ಹೂಂ ಎಂದು ಸಹಿ ಹಾಕಿ ಡೈರಿಗೆ ಹೋದ. ಆಮೇಲೆ ಒಬ್ಬೊಬ್ಬರದನ್ನೂ ಈ ಸಲ ಐವತ್ತಕ್ಕೆ ಎಂದು ಮೊದಲೇ ಹೇಳಿ ಓದಿದೆ. ಅಜ್ಜಿ ಐವತ್ತನ್ನು ನೂರಕ್ಕೆ ಹೊಂದಿಸಿ ಕೊಬ್ಬರಿ ಲೆಕ್ಕ ಹೇಳುತ್ತಾ ಹೋದಳು. ಎಲ್ಲರೂ ಬೆರಳು ಒತ್ತಿ, ಒರೆಸಿ, ಹೋದರು. ಅಜ್ಜಿ ಎದ್ದು ಹಸುವಿಗೆ ನೀರಿಡಲು ಹಿತ್ತಲಿಗೆ ಹೋದಳು.

ಕೆಂಚಕ್ಕ ಬಂದದ್ದು ಆಗ. ಕೊಟ್ಟಿಗೆಯ ಕೆಲಸ ಮುಗಿಸಿ, ಸೀರೆಯ ಮೇಲಿನ ಚಿಪ್ಪಿನ ಚೂರು ಕೊಡವಿಕೊಳ್ಳುತ್ತಾ ಬಂದು ಜಗಲಿಯ ಅಂಚಿನಲ್ಲಿ ಕೂತಳು. ಹುಣಸೆ ಮರದ ಕೆಳಗೆ ಮಂಜುಳ ಇರಲಿಲ್ಲ. ಭಯವಿಲ್ಲದವಳು, ಮನೆಯಲ್ಲಿ ಒಲೆ ಹಚ್ಚುತ್ತಿದ್ದಳು. ಕೆಂಚಕ್ಕ ಸೆರಗಿನೊಳಗಿಂದ ಕಾರ್ಡು ತೆಗೆದು, ಎರಡೂ ಕೈಯಲ್ಲಿ ನನಗೆ ಕೊಟ್ಟಳು. ಬಿಡಿಸಿ ನೋಡಿದೆ. ಕನ್ನಡ ನಲವತ್ತನಾಲ್ಕು. ಇಂಗ್ಲಿಷು ಮೂವತ್ತೊಂಬತ್ತು. ಗಣಿತ ನಲವತ್ತೆರಡು. ವಿಜ್ಞಾನ ನಲವತ್ತೊಂದು. ಸಮಾಜ ನಲವತ್ತು. ಇಡೀ ಶಾಲೆಯಲ್ಲಿ ಅವತ್ತು ಅಂಥ ಕಾರ್ಡು ಇನ್ನೊಂದಿರಲಿಲ್ಲ. ನಾನು ಪಡೆದ ಅಂಕವನ್ನು ಒಂದೂ ತಪ್ಪದೆ ಓದಿದೆ. ಗರಿಷ್ಠ ಅಂಕದ ಸಾಲಿನ ಮೇಲೆ ಹೆಬ್ಬೆರಳು ಇಟ್ಟುಕೊಂಡಿದ್ದೆ.

"ಎಲ್ಲಾ ನಲವತ್ರ ಸುತ್ತಾನೇ ಅವಲ್ಲವ್ವ?"

"ಹೂಂ."

"ಅರ್ಧನೂ ಬರ್ಲಿಲ್ಲ. ಅರ್ಧಕ್ಕಿಂತ ಜಾಸ್ತಿ ಕೊಳ್ತೋಗೈತೆ."

ನಾನು ಇಂಕ್ ಪ್ಯಾಡನ್ನು ಅವಳ ಕಡೆ ಸರಿಸಿದೆ. ಅವಳು ಅದಕ್ಕೆ ಬೆರಳು ಅದ್ದಿ, ನಾನು ತೋರಿಸಿದ ಜಾಗದಲ್ಲಿ ಒತ್ತಿದಳು. ನಾರಿಗೆ ಒರೆಸಿಕೊಂಡಳು, ಅವಳು ಯಾವಾಗಲೂ ನಾರಿಗೇ ಒರೆಸುತ್ತಿದ್ದಳು. ಅಪ್ಪ ಏನೂ ಸೇರಿಸಬೇಡ ಎಂದಿದ್ದ, ನಾನು ಸೇರಿಸಿರಲಿಲ್ಲ ಎಂದು ಅವತ್ತು ಊಟ ಮಾಡುವಾಗ ನನಗೆ ನಾನೇ ಹೇಳಿಕೊಂಡೆ. ಅವರೆಕಾಳಿನ ಸಾರು ಇತ್ತು. ಎರಡು ಸಲ ಹಾಕಿಸಿಕೊಂಡು ಉಂಡೆ.

ಮಾರನೆಯ ದಿನ ಬೆಳಿಗ್ಗೆ ಮಂಜುಳ ಓಡಿ ಬಂದಳು. ಅತ್ತು ಅತ್ತು ಕಣ್ಣು ಊದಿದ್ದವು.

"ಗಂಗಾ, ಅವ್ವಂಗೆ ಐವತ್ತಕ್ಕೆ ಅಂತ ಓದ್ಲಿಲ್ವಾ ನೀನು?"

"ಓದ್ದೆ ಕಣೇ."

"ನೂರಕ್ಕೆ ಅನ್ಕಂಡೈತೆ. ನಾನ್ ಹೇಳಿದ್ರೆ, ಎಲ್ಲಾ ಮಕ್ಕಳೂ ಅಂಗೇ ಸುಳ್ ಹೇಳ್ತವೆ ಅಂತೈತೆ. ನೀನ್ ಬಂದು ಇನ್ನೊಂದ್ಸಲ ಹೇಳೇ. ನೀನ್ ಹೇಳಿದ್ರೆ ನಂಬ್ತದೆ."

"ಸಾಯಂಕಾಲ ಬತ್ತೀನಿ ಬುಡು."

ಸಾಯಂಕಾಲ ನಾನು ಹೋಗಲಿಲ್ಲ. ಹೋಗಿದ್ದರೆ ಕೆಂಚಕ್ಕನ ಎದುರು ನಾನು ಐವತ್ತಕ್ಕೆ ಎಂದು ಓದಿರಲಿಲ್ಲ ಎಂಬುದು ಬಯಲಾಗುತ್ತಿತ್ತು. ಮಂಜುಳನಿಗೆ ಓದಿದೆ ಎಂದು ಹೇಳಿದ್ದೂ ಸುಳ್ಳಾಗುತ್ತಿತ್ತು. ಹೊಟ್ಟೆನೋವು ಎಂದು ಅವ್ವನಿಗೆ ಹೇಳಿ ನಡುಮನೆಯಲ್ಲಿ ಮುದುರಿ ಮಲಗಿದೆ. ಅವ್ವ ಓಮಿನ ಕಷಾಯ ಕುಡಿಸಿದಳು. ಅದರ ಮಾರನೆಯ ದಿನ ಬೆಳಗಿನ ಬಸ್ಸಿಗೆ ಮಂಜುಳ ಬೋರನಕಣಿವೆಗೆ ಹೋದಳು.

ನನ್ನ ಬೆಂಚು ಅಗಲವಾಯಿತು. ಈಗ ನನ್ನ ಮೂಗು ಹಿಡಿಯುವವರು ಇರಲಿಲ್ಲ, ಆದರೆ ಅದರಿಂದ ನನ್ನ ಲೆಕ್ಕವೇನೂ ಸರಿಯಾಗಲಿಲ್ಲ. ಮೇಷ್ಟ್ರು ಹಾಜರಿ ಕರೆಯುವಾಗ ಮಂಜುಳನ ಹೆಸರಿಗೆ ಬಂದು ನಿಲ್ಲುತ್ತಿದ್ದರು, ನನ್ನ ಕಡೆ ನೋಡುತ್ತಿದ್ದರು. ಊರಿಗೆ ಹೋಗವ್ಳೆ ಸಾ ಎನ್ನುತ್ತಿದ್ದೆ. ಬರ್ತಾಳೆ ಬಿಡು ಎಂದು ಮುಂದಿನ ಹೆಸರಿಗೆ ಹೋಗುತ್ತಿದ್ದರು. ಎರಡು ವಾರವಾದ ಮೇಲೆ ಆ ಹೆಸರಿನ ಹತ್ತಿರ ನಿಲ್ಲುವುದನ್ನೂ ಬಿಟ್ಟರು. ಅದನ್ನು ಕಂಡ ದಿನ ನನಗೆ ಮೊದಲ ಸಲ ಭಯವಾಯಿತು. ಇಷ್ಟು ಒಳ್ಳೆಯ ಹುಡುಗಿ ಎಲ್ಲಿ ಹೋದಳು ಎಂದು ಅವರು ಹುಡುಕಿಕೊಂಡು ಬರುತ್ತಾರೆ, ನಾನು ಬಾಯಿ ಬಿಡದೆಯೇ ಎಲ್ಲ ಸರಿಹೋಗುತ್ತದೆ ಎಂದು ಒಳಗೊಳಗೇ ನಂಬಿಕೊಂಡಿದ್ದೆ. ಯಾರೂ ಬರಲಿಲ್ಲ. ಹಾಗೆ ಮಕ್ಕಳು ಶಾಲೆ ಬಿಡುವುದು ಯಾರಿಗೂ ಹೊಸತಾಗಿರಲಿಲ್ಲ.

ಮೂರನೆಯ ವಾರದ ಭಾನುವಾರ ಅಟ್ಟದಿಂದ ಕಾಯಿ ಇಳಿಸಿದ್ದರು. ಕೊಟ್ಟಿಗೆಯಲ್ಲಿ ಕೆಂಚಕ್ಕ ಚಿಪ್ಪು ಒಡೆಯುತ್ತಿದ್ದಳು, ಅಜ್ಜಿ ಎದುರಿಗೆ ಕೂತು ಕಾಯಿ ಅಲ್ಲಾಡಿಸಿ ಆರಿಸುತ್ತಿದ್ದಳು. ನಾನು ಇಬ್ಬರಿಗೂ ಬೆಲ್ಲದ ಕಾಫಿ ತಂದೆ. ಮಗಳ ಸುದ್ದಿ ಏನೆಂದು ಅಜ್ಜಿ ಕೇಳಿದಳು.

"ಮಗ ಎತ್ಕಂಡು ಚೆನ್ನಾಗವ್ಳಂತೆ ಕಣಮ್ಮಾರೇ. ಏನ್ ಮಾಡದು, ನೂರಕ್ಕೆ ನಲವತ್ತೆರಡು ಬಂದ್ರೆ ಎಂಗ್ ಓದುಸ್ಲಿ? ನಿಮ್ ಗಂಗಮ್ಮನೇ ಓದಿ ಏಳ್ತಲ್ಲ."

ಅಜ್ಜಿಯ ಕೈಯಲ್ಲಿದ್ದ ಕಾಯಿ ಕಿವಿಯ ಹತ್ತಿರವೇ ನಿಂತಿತು. ನಾನು ಲೋಟ ಕೆಳಗಿಟ್ಟು ಹೊರಡಲು ತಿರುಗಿದೆ.

"ನಿಂತ್ಕಳೇ ಇಲ್ಲಿ. ಇಬ್ರೂ ಒಂದೇ ಕ್ಲಾಸಲ್ವಾ?"

"ಹೂಂ ಅಜ್ಜಿ."

"ನಿಂದು ಐವತ್ತಕ್ಕೆ, ಅವ್ಳದು ನೂರಕ್ಕಾ?"

ಅಜ್ಜಿ ಕಾಯಿಯನ್ನು ರಾಶಿಗೆ ಎಸೆದು, ನನ್ನ ಜಡೆ ಹಿಡಿದು ಕೆಂಚಕ್ಕನ ಮುಂದೆ ಕೂರಿಸಿದಳು. ಜೀವಮಾನದಲ್ಲಿ ಅವಳು ನನ್ನ ಮೇಲೆ ಕೈಮಾಡಿದ್ದು ಅದೊಂದೇ ಸಲ.

"ಹೇಳು. ಅವತ್ತು ಏನು ಓದ್ಲಿಲ್ವೋ ಅದನ್ನ ಹೇಳು."

"ಐವತ್ತಕ್ಕೆ ನಲವತ್ತೆರಡು ಕೆಂಚಕ್ಕಾ. ಎಲ್ಲಾ ಐವತ್ತಕ್ಕೇ. ಮಂಜೀನೇ ಎಲ್ರಿಗಿಂತ ಜಾಸ್ತಿ."

ಕೆಂಚಕ್ಕನಿಗೆ ಅದು ತಕ್ಷಣ ತಲೆಗೆ ಹೋಗಲಿಲ್ಲ. ನನ್ನ ಮುಖ, ಅಜ್ಜಿಯ ಮುಖ ನೋಡಿದಳು. ಆಮೇಲೆ ಮಚ್ಚು ಬದಿಗಿಟ್ಟು, ರಾಶಿಯಿಂದ ಕೈಗೆರಡರಂತೆ ಕಾಯಿ ಎತ್ತಿ ಎಣಿಸಿ ಐವತ್ತು ಬೇರೆ ಹಾಕಿದಳು. ಅದರಿಂದ ಮತ್ತೆ ಎರಡೆರಡೇ ಎತ್ತಿ ನಲವತ್ತೆರಡನ್ನು ಒಂದು ಕಡೆ ಇಟ್ಟಳು. ಅಜ್ಜಿ ಸಹಾಯಕ್ಕೆ ಹೋಗಲಿಲ್ಲ. ಉಳಿದ ಎಂಟು ಕಾಯಿ ಅವಳ ಕಾಲ ಹತ್ತಿರ ಬಿದ್ದಿದ್ದವು. ಅವನ್ನೇ ನೋಡುತ್ತಾ ಕೇಳಿದಳು.

"ಓಗಿದ್ದು ಇಷ್ಟೇನಾ?"

"ಇಷ್ಟೇ."

"ಇಷ್ಟೇ ಇಷ್ಟಾ?"

ನಾನು ಅಳತೊಡಗಿದೆ. ಬೈಯುತ್ತಾಳೆ, ಶಾಪ ಹಾಕುತ್ತಾಳೆ ಎಂದು ಕಾದೆ. ಅವಳು ಮೆಲ್ಲಗೆ ಇನ್ನೊಂದು ಪ್ರಶ್ನೆ ಕೇಳಿದಳು.

"ನಿಂದೆಷ್ಟಿತ್ತವ್ವ?"

ಅಲ್ಲಿಗೆ ಅವಳಿಗೆ ಎಲ್ಲ ತಿಳಿದಿತ್ತು. ನಾನು ಯಾಕೆ ಹಾಗೆ ಮಾಡಿದೆ ಎಂದು ಅಜ್ಜಿ ಕೇಳಿರಲಿಲ್ಲ, ನನಗೂ ಹೇಳಲು ಬರುತ್ತಿರಲಿಲ್ಲ. ಅಕ್ಷರ ಬಾರದ ಆ ಹೆಂಗಸು ನೇರ ಅಲ್ಲಿಗೇ ಬಂದಿದ್ದಳು.

"ಮೂವತ್ತೊಂದು."

"ಐವತ್ತಕ್ಕಾ?"

"ಐವತ್ತಕ್ಕೆ."

ಅವಳು ನಲವತ್ತೆರಡರ ರಾಶಿಯಿಂದ ಹನ್ನೊಂದು ಕಾಯಿ ತೆಗೆದು ಪಕ್ಕಕ್ಕಿಟ್ಟು, ಉಳಿದದ್ದನ್ನು ನೋಡಿದಳು.

"ಇದೂ ಕಮ್ಮಿಯೇನಲ್ಲ ಬುಡವ್ವ. ಒಳ್ಳೆ ಬೆಳೇನೇ ಇದು. ಅಳಬ್ಯಾಡ."

ಇಷ್ಟು ಹೇಳಿ ಎದ್ದು, ತೊಟ್ಟಿಯಲ್ಲಿ ಕೈ ತೊಳೆದು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಅಮ್ಮಾರೇ ಬತ್ತೀನಿ ಎಂದು ಅಜ್ಜಿಗೆ ಹೇಳಿ ಬೋರನಕಣಿವೆಗೆ ಹೋಗಲು ಹುಳಿಯಾರಿನ ಬಸ್ಸು ಹಿಡಿಯಲು ಹೊರಟಳು. ಕಾಫಿ ಹಾಗೇ ಆರಿತ್ತು. ಆ ಕಾಯಿಗಳನ್ನು ಮತ್ತೆ ರಾಶಿಗೆ ಸೇರಿಸುವ ಕೆಲಸವನ್ನು ಅಜ್ಜಿ ನನ್ನಿಂದಲೇ ಮಾಡಿಸಿದಳು. ಮುಂದೆ ಎರಡು ಮೂರು ದಿನ ಶಾಲೆಯಿಂದ ಬಂದವಳೇ ಬಸ್ಸಿನ ದಾರಿ ನೋಡುತ್ತಿದ್ದೆ. ಕೆಂಚಕ್ಕನ ತಂಗಿ ಮಂಜುಳನನ್ನು ಬಿಡುತ್ತಾಳೋ ಇಲ್ಲವೋ, ಅವಳಿಗೆ ಕೆಂಚಕ್ಕ ಏನು ಹೇಳುತ್ತಾಳೋ, ಮಂಜುಳ ಬಂದು ಶಾಲೆಯಲ್ಲಿ ಎಲ್ಲರ ಮುಂದೆ ಹೇಳಿಬಿಟ್ಟರೆ ಏನು ಗತಿಯೋ ಎಂದು ಒಂದೇ ಚಿಂತೆ.

ಗುರುವಾರ ಮಂಜುಳ ಬಂದಳು. ತೋಳೆಲ್ಲ ಮಗುವಿನ ಎಣ್ಣೆ ವಾಸನೆ. ಬೆಂಚಿನಲ್ಲಿ ತನ್ನ ಜಾಗಕ್ಕೆ ಸರಿದು ಕೂತು ನನ್ನ ಕೈ ಹಿಡಿದುಕೊಂಡಳು.

"ಕೊನೆಗೂ ಬಂದು ಹೇಳ್ದಲ್ಲೇ ಗಂಗಾ. ಅವ್ವ ಎಲ್ಲಾ ಹೇಳ್ತು. ನೀನು ಅವತ್ತೇ ಐವತ್ತಕ್ಕೆ ಅಂತ ಸರಿಯಾಗಿ ಓದಿದ್ಯಂತೆ. ತನಗೇ ಮರ್ತೋಗಿತ್ತಂತೆ."

ಕೆಂಚಕ್ಕ ಹಾಗೆ ಯಾಕೆ ಹೇಳಿದಳೋ ನನಗೆ ಗೊತ್ತಿಲ್ಲ. ನಮ್ಮ ಮನೆಯ ಕೆಲಸ ಬೇಕಾಗಿತ್ತು ಎಂದೋ, ಒಂದೇ ಬೆಂಚಿನ ಹುಡುಗಿಯರ ನಡುವೆ ವೈರ ಬೇಡ ಎಂದೋ. ನಾನು ಕೇಳಲಿಲ್ಲ, ಅವಳಾಗಿ ಹೇಳಲಿಲ್ಲ. ಬೇಸಿಗೆಯ ಕಾರ್ಡು ಬಂದಾಗ ಎಲ್ಲರಂತೆ ಬಂದು ಕೂತು ಓದಿಸಿಕೊಂಡು ಹೋದಳು. ನಾನು ಪ್ರತಿ ವಿಷಯಕ್ಕೂ ಗರಿಷ್ಠ ಅಂಕವನ್ನು ಮೊದಲು ಓದಿದೆ. ಕೆಂಚಕ್ಕ ತೀರಿಕೊಂಡು ಬಹಳ ವರ್ಷವಾಯಿತು. ಮಂಜುಳ ತುರುವೇಕೆರೆ ಕಡೆಯ ಅಂಚೆ ಕಚೇರಿಯೊಂದರಲ್ಲಿ ಕೆಲಸ ಮಾಡಿ ಈಗ ನನ್ನ ಹಾಗೆಯೇ ನಿವೃತ್ತಳು. ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ತನ್ನ ಅವ್ವನ ಮಾತು ಬಂದಾಗಲೆಲ್ಲ, ಪಾಪ ಅವ್ವಂಗೆ ಆಗ್ಲೇ ಮರೆವು ಕಣೇ, ನನ್ ಕಾರ್ಡನ್ನೇ ಮರ್ತು ನನ್ನ ಇಸ್ಕೂಲ್ ಬಿಡ್ಸಿತ್ತು ಎಂದು ನಗುತ್ತಾಳೆ. ನಾನೂ ಜೊತೆಗೆ ನಗುತ್ತೇನೆ. ಇದುವರೆಗೂ ನಕ್ಕಿದ್ದೇನೆ.

ಮಂಜೀ, ನಿಮ್ಮವ್ವ ಏನನ್ನೂ ಮರೆತಿರಲಿಲ್ಲ. ನಾನು ಓದಿರಲಿಲ್ಲ ಕಣೇ.